ಹೆಸರಿನ ಡಬ್ಬಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಂತ ಡಬ್ಬಿಗಳಲ್ಲಿ ಒಂದಕ್ಕೆ ಮಾತ್ರ ಚೀಟಿ ಅಂಟಿತ್ತು. ಅದರ ಮೇಲೆ ನನ್ನ ಮಗಳು ನೀಲವ್ವ ದುಂಡಗಿನ ಅಕ್ಷರದಲ್ಲಿ ‘ಹೆಸರು’ ಎಂದು ಬರೆದಿದ್ದಳು. ಒಳಗಿದ್ದದ್ದು ಹೆಸರುಕಾಳೇ. ಆದರೂ ಹೆಸರು ಎಂದಷ್ಟೇ ಹೇಳಿ ಯಾರ ಹೆಸರನ್ನೂ ಹೇಳದ ಆ ಡಬ್ಬಿಯನ್ನು ಕಂಡು ಬಂದವರು ನಗುತ್ತಿದ್ದರು. ನನಗೇನೂ ಚೀಟಿ ಬೇಕಿರಲಿಲ್ಲ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಕಣ್ಣು ಓದುವುದಕ್ಕೆ ಮೊದಲೇ ಕೈ ಹೋಗಿರುತ್ತದೆ. ಉಪ್ಪು ಒಲೆಯ ಮಗ್ಗುಲಿಗೆ, ಖಾರ ಅದರಾಚೆ, ಹೆಸರು ಮೂಲೆಗೆ. ಕರೆಂಟು ಹೋದರೂ ತಪ್ಪುವುದಿಲ್ಲ. ನಿಮ್ಮ ಕೈಯೂ ನಿಮ್ಮ ಮನೆಯಲ್ಲಿ ಹೀಗೆಯೇ ಓಡಾಡುತ್ತಿರಬೇಕು, ಒಮ್ಮೆ ಗಮನಿಸಿ ನೋಡಿ.

ಆದರೆ ಪರಊರಿನಿಂದ ಬಂದವನಿಗೆ ಅಂಥ ಕೈ ಇರುವುದಿಲ್ಲ, ಅವನಿಗೆ ಚೀಟಿಯೇ ಗತಿ. ಇದನ್ನು ನನಗೆ ತಿಳಿಸಿದವಳು ನೀಲವ್ವನ ಮಗಳು ಸುಜಾತಾ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವಳು, ನಮ್ಮ ಓಣಿಯಲ್ಲಿ ಮಗ್ಗ ನಡೆಸುವ ಹೆಂಗಸರ ಸೀರೆಗಳಿಗಾಗಿ ಒಂದು ವೆಬ್‌ಸೈಟು ಕಟ್ಟಿದ್ದಳು. ನನ್ನನ್ನು ಕೂರಿಸಿ ತೋರಿಸಿದಳು. ಎಡಗಡೆ ಹೆಸರುಗಳ ಸಾಲು. ಯಾರ ಹೆಸರನ್ನು ಒತ್ತಿದರೆ ಅವರು ನೇಯ್ದ ಸೀರೆಗಳ ಪುಟ.

“ಯಾವ ಪುಟಕ್ಕ ಹೋದ್ರೂ ಈ ಸಾಲು ಇಲ್ಲೇ ಇರಬೇಕು, ಆಯಿ. ಎಲ್ಲಿ ಅದೀನಿ, ಎಲ್ಲಿ ಹೋಗಬೇಕು ಅಂತ ಮಂದಿ ಹುಡುಕ್ಯಾಡಬಾರ್ದು.”

“ಬಸ್ಸಿನ ಬೋರ್ಡ್ ಇದ್ದಂಗ ಅನ್ನು.”

“ಹೂಂ. ರೋಣ ಅಂತ ಬರದ್ರ ರೋಣಕ್ಕ ಹೋಗಬೇಕು.”

“ನರಗುಂದಕ್ಕ ಒಯ್ದ್ರ?”

“ಬೈಸ್ಕೊಳಾಕ ನಾ ಅದೀನಲ್ಲ!” ಎಂದು ನಕ್ಕಳು.

ಮೊದಮೊದಲು ಹೊಸಬರೊಬ್ಬರು ಸೇರಿದರೆ ಪ್ರತಿ ಪುಟವನ್ನೂ ತೆರೆದು ಆ ಸಾಲನ್ನು ಕೈಯಿಂದ ತಿದ್ದುತ್ತಿದ್ದಳು. ಒಂದು ಪುಟ ಮರೆತರೆ ಅಲ್ಲಿ ನಿಂತವನಿಗೆ ದಾರಿಯಿಲ್ಲ. ಅದಕ್ಕೆ ಬೇಸತ್ತು ಒಂದು ಪ್ರೋಗ್ರಾಮ್ ಬರೆದಳು. ನೇಯುವವಳ ಹೆಸರಿನಲ್ಲಿ ಫೋಲ್ಡರ್ ಮಾಡಿ ಸೀರೆಯ ಫೋಟೋ ಹಾಕಿದರೆ ಸಾಕು, ಎಲ್ಲ ಪುಟಗಳಲ್ಲೂ ಸಾಲು ತಾನಾಗಿಯೇ ಹುಟ್ಟುತ್ತಿತ್ತು. ಮೊದಲು ಮಾಡಿದ್ದು ತಾಯಿಯ ಫೋಲ್ಡರ್. ಹಾಗಾಗಿ ಸಾಲಿನ ತಲೆಗೆ ನೀಲವ್ವ, ಅವಳ ಕೆಳಗೆ ಪಕ್ಕದ ಮನೆಯ ಹುಸೇನಬಿ, ಆಮೇಲೆ ಉಳಿದವರು.

ಆ ಮಳೆಗಾಲದಲ್ಲಿ ನೀಲವ್ವ ಜ್ವರ ಬಂದು ಸತ್ತಳು. ತೀರಿಕೊಂಡಳು ಎಂದು ಬರೆದರೆ ಓದುವುದಕ್ಕೆ ಮೆತ್ತಗಿರುತ್ತದೆ. ಆದರೆ ಸತ್ತದ್ದು ಸತ್ತದ್ದೇ. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಯನ್ನು ಹುಸೇನಬಿ ನೇಯ್ದು ಮುಗಿಸಿದಳು. ನೀಲವ್ವನ ಸೀರೆಗಳೆಲ್ಲ ಮಾರಿಹೋಗಿ ಅವಳ ಪುಟ ಖಾಲಿಯಾಯಿತು. ಪ್ರೋಗ್ರಾಮಿಗೆ ಸಾವೆಂದರೇನು ಗೊತ್ತು? ಅದು ತನ್ನ ಪಾಡಿಗೆ ನನ್ನ ಮಗಳ ಹೆಸರನ್ನು ಪ್ರತಿ ಪುಟದ ತಲೆಗೆ ಇಡುತ್ತಲೇ ಇತ್ತು, ಸುಜಾತಾಳೂ ಇಡಲಿ ಎಂದು ಬಿಟ್ಟಿದ್ದಳು. ದೂರದ ಗಿರಾಕಿಗಳು ಮೊದಲ ಹೆಸರನ್ನೇ ಒತ್ತುತ್ತಿದ್ದರು. ಒಬ್ಬಿಬ್ಬರು ಅಂಗಡಿಗೆ ಫೋನ್ ಮಾಡಿ ನೀಲವ್ವನವರು ಇದ್ದಾರೆಯೇ ಎಂದು ಕೇಳಿದ್ದೂ ಉಂಟು. “ಇಲ್ರಿ” ಎಂದು ಫೋನ್ ಇಟ್ಟ ದಿನ ಹುಡುಗಿ ಊಟಕ್ಕೆ ಏಳುತ್ತಿರಲಿಲ್ಲ.

ಕೊನೆಗೆ ಹುಸೇನಬಿ ಬಂದು ಹೊಸ್ತಿಲ ಹತ್ತಿರ ಕೂತಳು. “ಯವ್ವಾ, ನೀಲವ್ವ ನನಗ ಅಕ್ಕ ಇದ್ದಂಗಿದ್ಲು. ಆದ್ರ ಗಿರಾಕಿ ಆಕಿ ಖಾಲಿ ಪುಟ ನೋಡಿ ಅಲ್ಲಿಂದ್ಲೇ ಹೊಳ್ಳಿ ಹೋಗ್ತಾರ. ನನ್ನ ಮಗ್ಗ ಸುಮ್ಮ ಕುಂತೈತಿ. ಸುಜಾತಾಗ ಹೇಳಾಕ ನನಗ ಬಾಯಿ ಬರವಲ್ದು.”

“ನನಗ ಬರ್ತೈತಿ” ಎಂದು ಎದ್ದೆ.

ಅಂಗಡಿಗೆ ಹೋಗಿ ನಿಂತೇ ಹೇಳಿದೆ: “ನಿಮ್ಮವ್ವನ ಹೆಸರು ತಗಿ.”

“ನಿನ್ನ ಎದಿ ಕಲ್ಲೇನು, ಆಯಿ?”

“ಕಲ್ಲು ಅಂತ ತಿಳಕೋ. ಮನಿ ಬಿದ್ದಮ್ಯಾಲ ಬಾಗಲಾ ಒಂದ ನಿಂದರ್ಸಿದ್ರ, ಮಂದಿ ಬಡದು ಬಡದು ಕೈ ನೋಯಿಸ್ಕೊಂತಾರ.”

“ಎಲ್ಲಾರ ಕೆಳಗರ ಹಾಕ್ಲಿ?”

“ಕೆಳಗಿದ್ರ ಖಾಲಿ ಪುಟ ತುಂಬ್ತೈತೇನು?”

ಅವಳು ಪರದೆಯ ಕಡೆ ತಿರುಗಿದಳು. “ಮೊದಲಿನಂಗ ಒಂದೊಂದು ಪುಟದಾಗ ಕೈಲೆ ತಗಿಯೋದಿತ್ತಂದ್ರ ಒಂದೀಟು ಹೊತ್ತರ ಹಿಡೀತಿತ್ತು. ನಾನ ಹಿಂಗ ಮಾಡಿಟ್ಟೀನಿ. ಫೋಲ್ಡರ್ ತಗದ್ರ ಮುಗೀತು.”

ತೆಗೆದಳು, ಮುಗಿಯಿತು. ಎಲ್ಲ ಪುಟಗಳಿಂದ ಒಮ್ಮೆಗೇ ಹೋಯಿತು. ಹಲ್ಲು ಬಿದ್ದರೆ ಬಾಯಲ್ಲಿ ಸಂದಾದರೂ ಉಳಿಯುತ್ತದೆ; ಅಲ್ಲಿ ಅದೂ ಇಲ್ಲ, ಹುಸೇನಬಿಯ ಹೆಸರು ಒಂದು ಸಾಲು ಮೇಲೆ ಸರಿದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಕೂತಿತು. ಒಳ್ಳೆಯ ದಾರಿ ನಡೆಯುವವನಿಗಾಗಿ ಇರುವುದೇ ಹೊರತು ಹೋದವರಿಗಾಗಿ ಅಲ್ಲ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾದದ್ದರಿಂದ ಸಮಾಧಾನ ಸಿಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರು ಸುಳ್ಳು ಹೇಳಿದ್ದಾರೆ.

ಮನೆಗೆ ಬಂದು ಮೂಲೆಯ ಡಬ್ಬಿ ತೆಗೆದೆ. ನೀಲವ್ವ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹೆಸರನ್ನೆಲ್ಲ ಹುಳ ತಿಂದಿತ್ತು. ಕೈಗೆ ಬಂದದ್ದು ತೂತುಬಿದ್ದ ಸಿಪ್ಪೆ ಮತ್ತು ಹಿಟ್ಟು. ತಿಪ್ಪೆಗೆ ಸುರಿದು, ಡಬ್ಬಿಯನ್ನು ನೀರಿನಲ್ಲಿ ನೆನೆಹಾಕಿ ತಿಕ್ಕಿದೆ. ಚೀಟಿ ಬಿಚ್ಚಿಕೊಂಡು ಬಂತು, ಮಸಿ ನೀರಿಗೆ ಹೋಯಿತು.

ಈಗ ಅದರಲ್ಲಿ ಅವಲಕ್ಕಿ ಇದೆ. ಹೆಸರುಕಾಳು ಬೇರೆ ಡಬ್ಬಿಯಲ್ಲಿ, ಕೆಳಗಿನ ಹಲಗೆಯ ಮೇಲಿದೆ. ಇಟ್ಟವಳು ನಾನೇ. ಆದರೂ ಹೆಸರು ಬೇಕಾದಾಗ ಕೈ ಮೂಲೆಗೇ ಹೋಗುತ್ತದೆ. ಮುಚ್ಚಳ ತೆಗೆಯುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ.