ಅಂಗಳದಲ್ಲಿ ಬರೆದ ವಂಶಾವಳಿ

ನಾನು ಎಂ.ಎಸ್ಸಿ.ಗೆ ಸೇರಿದ್ದೇನೆ ಎಂದಾಗ ನಮ್ಮ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ವಯಸ್ಸು ನಲವತ್ತು ದಾಟಿದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಓದಿದ್ದೆಲ್ಲ ಮಕ್ಕಳ ಪಠ್ಯಪುಸ್ತಕವನ್ನೇ. ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಜೀವಶಾಸ್ತ್ರದಲ್ಲಿ ಆನ್‌ಲೈನ್ ಎಂ.ಎಸ್ಸಿ. ಇದೆ ಎಂದು ತಿಳಿದ ಕೂಡಲೇ ಯಾರನ್ನೂ ಕೇಳದೆ ಸೇರಿಕೊಂಡಿದ್ದೆ.

"ಪ್ರಮೋಷನ್ ಬರುತ್ತಾ ಮೇಡಂ ಇದ್ರಿಂದ?"

"ಇಲ್ಲ ಸಾರ್."

"ಮತ್ಯಾಕೆ ಈ ವಯಸ್ಸಲ್ಲಿ?"

"ಗೊತ್ತಿಲ್ದೇ ಇರೋದು ಬಾಳ ಇದೆ ಸಾರ್, ಅದಕ್ಕೆ."

ಸ್ಟಾಫ್ ರೂಮಿನಲ್ಲಿ ನನ್ನ ಓದಿಗೆ 'ಫೋನ್ ಎಂ.ಎಸ್ಸಿ.' ಎಂಬ ಹೆಸರು ಬಿತ್ತು. ಬೀಳಲಿ ಎಂದುಕೊಂಡೆ. ತರಗತಿಗಳು ಭಾನುವಾರ ಬೆಳಿಗ್ಗೆ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬಿಸಿಲು ಜರುಗಿದಂತೆ ಕುರ್ಚಿಯೂ ಜರುಗುತ್ತಿತ್ತು.

ತಳಿಶಾಸ್ತ್ರದ ಪಾಠ ನಡೆಯುವಾಗ ನಮ್ಮ ನಮ್ಮ ಮನೆತನದ ವಂಶಾವಳಿ ಬರೆದು ಕಳಿಸಲು ಹೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಅಡ್ಡಗೆರೆ. ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಜೋಡಿಗೆರೆ. ಪೀಳಿಗೆಯಿಂದ ಪೀಳಿಗೆಗೆ ಬಂದ ಯಾವುದಾದರೂ ಲಕ್ಷಣವಿದ್ದರೆ, ಅದು ಇರುವವರಿಗೆ ಬಣ್ಣ ತುಂಬಬೇಕು.

ಯಾವ ಲಕ್ಷಣ ಎಂದು ನಾನು ಹುಡುಕಬೇಕಾಗಿರಲಿಲ್ಲ. ತೀರಿಹೋದ ನನ್ನ ಚಿಕ್ಕಮ್ಮನಿಗೆ, ಅಂದರೆ ಅವ್ವನ ತಂಗಿಗೆ, ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನನ್ನ ಅಕ್ಕನನ್ನು ಅವ್ವನ ತಮ್ಮನಿಗೇ, ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ಅವರ ಮೊದಲ ಮಗನಿಗೂ ಕಿವಿ ಕೇಳದು. ನಾಗದೋಷ ಎಂದರು. ಮಾವ ಘಾಟಿ ಸುಬ್ರಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಬಂದರು. ಆಮೇಲೆ ಹುಟ್ಟಿದ ಮಗಳಿಗೆ ಕಿವಿ ಚೆನ್ನಾಗಿ ಕೇಳಿಸಿತು. ದೋಷ ಕಳೆಯಿತು ಎಂದು ಎಲ್ಲರೂ ನಿರಾಳವಾದರು.

ಈಗ ಆ ಹುಡುಗಿಯನ್ನು ನನ್ನ ತಮ್ಮನಿಗೆ ತಂದುಕೊಳ್ಳುವ ಮಾತು ಎದ್ದಿತ್ತು. ಮಗಳೂ ಜಮೀನೂ ಹೊರಗಿನವರ ಪಾಲಾಗುವುದಿಲ್ಲ ಎಂಬುದು ಮಾವನ ಲೆಕ್ಕ, ಅವ್ವನ ಆಸೆ. ಹುಡುಗಿ ನನಗೆ ಫೋನ್ ಮಾಡಿ ಅತ್ತಳು. "ಚಿಕ್ಕವ್ವ, ನನ್ನ ಎತ್ಕೊಂಡು ಆಡಿಸ್ದೋರು ಅವ್ರು. ಹೆಂಗೆ ಗಂಡ ಅನ್ಕೊಳ್ಲಿ? ನೀನಾದ್ರೂ ಹೇಳು." ತಮ್ಮನನ್ನು ಕೇಳಿದರೆ, "ಅವ್ವ ಹೇಳ್ದಂಗೆ" ಎಂದು ಜಾರಿಕೊಂಡ.

ತಾಂಬೂಲ ಬದಲಾಯಿಸಲು ಎಲ್ಲರೂ ತವರಿನಲ್ಲಿ ಸೇರಿದ ದಿನ ನಾನೂ ಹೋದೆ. ಅವ್ವ ಎಲೆ, ಅಡಿಕೆ, ಹಣ್ಣು ಜೋಡಿಸಿದ ತಟ್ಟೆಯನ್ನು ಜಗುಲಿಗೆ ತಂದಿಟ್ಟಳು. ನಾನು ಒಳಗಿನಿಂದ ರಂಗೋಲಿ ಡಬ್ಬಿಯನ್ನೂ ಕೆಮ್ಮಣ್ಣನ್ನೂ ತಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಶುಭಕಾರ್ಯ ಅಂತ ರಂಗೋಲಿ ಬಿಡ್ತಾವ್ಳೆ," ಎಂದರು ಮಾವ, ಖುಷಿಯಾಗಿ.

ನಾನು ಮೊದಲು ಅಜ್ಜಿ, ತಾತನನ್ನು ಬರೆದೆ. ಅವರೂ ಸಂಬಂಧದ ಒಳಗೊಳಗೇ ಮದುವೆಯಾದವರು, ಜೋಡಿಗೆರೆ. ಕೆಳಗೆ ಅವ್ವ, ಚಿಕ್ಕಮ್ಮ, ಮಾವ. ಮಾವನಿಂದ ಅಕ್ಕನಿಗೆ ಇನ್ನೊಂದು ಜೋಡಿಗೆರೆ. ಚಿಕ್ಕಮ್ಮನ ವೃತ್ತಕ್ಕೂ ಅಕ್ಕನ ಮಗನ ಚೌಕಕ್ಕೂ ಕೆಮ್ಮಣ್ಣು ತುಂಬಿದೆ. ಅಷ್ಟರಲ್ಲಿ ಎಲ್ಲರೂ ಎದ್ದು ಬಂದು ಸುತ್ತ ನಿಂತಿದ್ದರು.

"ಇದರಲ್ಲಿ ಸುಬ್ರಮಣ್ಯ ಸ್ವಾಮಿದು ಏನೂ ಇಲ್ಲ ಮಾವ," ಎಂದೆ. "ಕಿವಿ ಕೇಳಿಸ್ದಂಗೆ ಮಾಡೋ ಅಂಶ ಒಂದು ನಮ್ ವಂಶದಲ್ಲೇ ಇದೆ ಅನ್ಸುತ್ತೆ. ಒಬ್ರ ಕಡೆಯಿಂದ ಬಂದ್ರೆ ಸುಮ್ನೆ ಇರುತ್ತೆ. ಅಪ್ಪ ಅವ್ವ ಇಬ್ರ ಕಡೆಯಿಂದ್ಲೂ ಬಂದ್ರೆ ಮಗೀಗೆ ಕೇಳಿಸಲ್ಲ. ಒಳಗೊಳಗೇ ಕೊಟ್ಟು ತಂದ್ರೆ ಇಬ್ರಲ್ಲೂ ಅದೇ ಇರೋದು ಜಾಸ್ತಿ."

ಮಾವನ ಮುಖ ಕೆಂಪೇರಿತು. "ಫೋನಲ್ಲಿ ಓದ್ಕೊಂಡು ಬಂದು ವಂಶಕ್ಕೇ ಮಸಿ ಬಳೀತೀಯಾ? ಹೊರಗೆ ಕೊಟ್ಟೋರ್ಗೆ ಹುಟ್ಟಲ್ವಾ ಇಂಥ ಮಕ್ಳು?"

"ಹುಟ್ತವೆ, ಇಲ್ಲ ಅನ್ನಲ್ಲ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಈ ಜೂಜು? ಅದೂ ಹುಡುಗಿ ಒಲ್ಲೆ ಅಂತಿರೋವಾಗ?"

"ಅಳಿಸೇ ಅದನ್ನ," ಎಂದಳು ಅವ್ವ.

"ಅಳಿಸಲ್ಲ."

ಅಕ್ಕನ ಮಗ ನನ್ನ ಪಕ್ಕ ಬಂದು ಕೂತ. ಅವನು ಪವರ್‌ಲೂಮಿನಲ್ಲಿ ಸೀರೆ ನೇಯುವ ಗಟ್ಟಿ ಆಳು. ನಾನ್ಯಾವುದು ಎಂದು ಕೈಯಲ್ಲಿ ಕೇಳಿದ. ಕೆಂಪು ಚೌಕ ತೋರಿಸಿದೆ. ಅವನು ಚಿಟಿಕೆ ಕೆಮ್ಮಣ್ಣು ತೆಗೆದುಕೊಂಡು, ನಾನು ಅವಸರದಲ್ಲಿ ಬಿಟ್ಟಿದ್ದ ಮೂಲೆಯನ್ನು ನೀಟಾಗಿ ತುಂಬಿ, ಕೈ ಕೊಡವಿಕೊಂಡ. ಅವನಿಗೆ ಅದರಲ್ಲಿ ನಾಚಿಕೆಯೇನೂ ಕಾಣಲಿಲ್ಲ.

ಅಲ್ಲಿಯವರೆಗೂ ಕಂಬಕ್ಕೆ ಒರಗಿ ನಿಂತಿದ್ದ ಅಕ್ಕ ಮೆಲ್ಲಗೆ ಕೇಳಿದಳು. "ಹಂಗಾದ್ರೆ... ನಾನು ಹುತ್ತ ತುಳ್ದಿದ್ದಕ್ಕಲ್ವಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಹೊಲದ ಬದುವಿನಲ್ಲಿ ಅವಳ ಕಾಲು ಹುತ್ತದ ಮೇಲೆ ಬಿದ್ದಿತ್ತಂತೆ. ಅದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಲೇ ಬಂದಿದ್ದರಂತೆ. ಮಗನಿಗೆ ಮೀಸೆ ಬಂದು, ಅವನು ದುಡಿದು ತಂದು ಹಾಕುವ ಕಾಲ ಬಂದರೂ ಅವಳು ಅದನ್ನು ಹೊತ್ತುಕೊಂಡೇ ಇದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಅಲ್ಲ ಅಕ್ಕ. ನಿಂದೇನೂ ತಪ್ಪಿಲ್ಲ."

ಅವಳು ಮಾವನ ಮುಖವನ್ನು ನೋಡಿದಳು. ಆಮೇಲೆ ಜಗುಲಿಗೆ ಹೋಗಿ ತಾಂಬೂಲದ ತಟ್ಟೆಯನ್ನು ಎತ್ತಿಕೊಂಡಳು. "ನನ್ ಮಗಳನ್ನ ಇಲ್ಲಿಗೆ ಕೊಡಲ್ಲ," ಎಂದು ಹೇಳಿ ಒಳಗೆ ನಡೆದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಮಾವ ರಂಗೋಲಿಯನ್ನು ಚಪ್ಪಲಿಯಲ್ಲಿ ಉಜ್ಜಿ ಹೊರಟುಹೋದರು. ಇವತ್ತಿಗೂ ನನ್ನ ಮನೆಯ ಹೊಸ್ತಿಲು ತುಳಿದಿಲ್ಲ. ಅವ್ವ ಬಹಳ ದಿನ ಮಾತು ಬಿಟ್ಟಳು, ಆಮೇಲೆ ತಾನಾಗಿ ಆಡಿದಳು. ತಮ್ಮನಿಗೆ ಹೊಸಕೋಟೆ ಕಡೆಯ ಹೆಣ್ಣು ಬಂತು. ಅಕ್ಕನ ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ, ಮದುವೆಯ ಮಾತೆತ್ತಿದರೆ ನಗುತ್ತಾಳೆ. ನನ್ನ ವಂಶಾವಳಿಗೆ ಒಳ್ಳೆಯ ಅಂಕ ಬಂತು, ಓದೂ ಮುಗಿಯಿತು.

ನೆಂಟರ ಮದುವೆಗಳಲ್ಲಿ ನನ್ನ ಬೆನ್ನ ಹಿಂದೆ, "ಸಂಬಂಧ ಮುರಿದೋಳು ಇವಳೇ," ಎನ್ನುವುದು ಕಿವಿಗೆ ಬೀಳುತ್ತದೆ. ನಾನು ಒಂದು ಮದುವೆಯನ್ನೂ ತಪ್ಪಿಸುವುದಿಲ್ಲ. ಮೊದಲ ಪಂಕ್ತಿಯಲ್ಲೇ ಕೂತು ಉಣ್ಣುತ್ತೇನೆ. ಹೋದ ಸಲ ಕೈ ತೊಳೆಯುವ ಜಾಗದಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮರೆ ಮಾಡಿಕೊಂಡು, "ನಮ್ಮನೇಲೂ ಹಂಗೇ ಐತೆ ಕಣಮ್ಮ, ಒಂದ್ ಸಲ ಬಂದು ಹೇಳ್ತೀಯಾ?" ಎಂದು ಕೇಳಿದಳು.

"ಮನೆ ಎಲ್ಲಿ ಹೇಳಿ," ಎಂದೆ.