ಸೀಮೆಎಣ್ಣೆಯ ರೈಲು

ಹೋದ ತಿಂಗಳು ಕಳಂಬೋಲಿಯ ನನ್ನ ಗೋದಾಮಿಗೆ ಹಳೆಯ ಬೇರಿಂಗುಗಳ ಮೂಟೆ ಬಂತು. ಇಂಥ ಮಾಲು ಕೊಳ್ಳುವ ಮೊದಲು ಒಂದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಲ್ಲಿ ತಿರುಗಿಸಿ ನೋಡಬೇಕು. ಮಾರುವವನ ಬಾಯಿಗಿಂತ ಅದರ ಸದ್ದು ಸತ್ಯ ಹೇಳುತ್ತದೆ. ನಾನೂ ಹಾಗೇ ಅದ್ದಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಡೊಂಬಿವಲಿಯ ನಮ್ಮ ಸಾಲುಮನೆಗಳ ಚಾಳಿನ ಪಕ್ಕದ ಮನೆಯ ಅಕ್ಕ ಕಣ್ಣೆದುರು ನಿಂತಳು...

ಎಪ್ಪತ್ತರ ದಶಕದ ಕೊನೆ. ನನಗೆ ಎಂಟು, ಅವಳಿಗೆ ಹನ್ನೆರಡು. ಅವಳಪ್ಪ ವಿಜಾಪುರ ಕಡೆಯವರು, ಗೂಡ್ಸ್ ಯಾರ್ಡಿನಲ್ಲಿ ಹಮಾಲಿ. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದ ದಿನ ಮನೆಮನೆಯ ಹುಡುಗಿಯರಿಗೆ ಶಾಲೆ ತಪ್ಪುತ್ತಿತ್ತು. ಕ್ಯೂನಲ್ಲಿ ಡಬ್ಬಿ ಇಟ್ಟು, ಅದನ್ನು ಅಡಿ ಅಡಿ ಸರಿಸುತ್ತ ಅರ್ಧ ದಿನ ನಿಲ್ಲಬೇಕು. ಅಕ್ಕನಿಗೆ ಆ ವರ್ಷ ಎಷ್ಟು ದಿನ ತಪ್ಪಿತ್ತೆಂದರೆ, ಶಾಲೆ ಬಿಡಿಸುವ ಮಾತೇ ಮನೆಯಲ್ಲಿ ನಡೆದಿತ್ತು.

ಅವಳು ಅಳಲಿಲ್ಲ. ಗ್ಯಾರೇಜಿನವನಿಂದ ಸವೆದ ಬೇರಿಂಗು ಬೇಡಿ ತಂದಳು, ಹಣ್ಣಿನ ಪೆಟ್ಟಿಗೆಯ ಹಲಗೆಗಳಿಗೆ ಅವನ್ನೇ ಚಕ್ರ ಮಾಡಿದಳು, ಎಂಟು ಪುಟ್ಟ ಗಾಡಿಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟಿ ರೈಲು ಮಾಡಿದಳು. ಒಂದೊಂದರ ಮೇಲೆ ಒಂದೊಂದು ಮನೆಯ ಡಬ್ಬಿ. ಎಂಟು ಮನೆಯ ಪಾಳಿಯನ್ನು ನನ್ನ ಅಜ್ಜಿಯೊಬ್ಬಳೇ ಕೂತು ಎಳೆಯಬಹುದು. ಹುಡುಗಿಯರು ಶಾಲೆಗೆ ಹೋಗಬಹುದು.

"ಈ ಸಲ ಐತವಾರ ಎಣ್ಣಿ ಬರ್ತದ," ಎಂದರು ಅವಳಪ್ಪ. "ಆವತ್ತ ನಡೀತಂದ್ರ ಮುಂದ ಸಾಲಿಗೆ ಹೋಗು. ಇಲ್ಲಂದ್ರ ಪಾಟಿಚೀಲ ಮ್ಯಾಲ ಇಡು."

ಅಜ್ಜಿ ಎಲೆಯಡಿಕೆ ಜಗಿಯುತ್ತ ಎಳೆದಳು, ರೈಲು ಸರಿಯಿತು, ಎಂಟೂ ಡಬ್ಬಿ ತುಂಬಿದವು. ಆದರೆ ಅಕ್ಕ ಮೊದಲು ಪರೀಕ್ಷಿಸಿದ್ದು ಖಾಲಿ ಡಬ್ಬಿಗಳನ್ನು ಇಟ್ಟು. ತುಂಬಿದ ಭಾರಕ್ಕೆ ಗಾಡಿ ಉರುಳದಂತೆ ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲು ಜಾರಿತು. ಮುಂದೆ ಇಳಿಜಾರು, ಅದರ ಕೊನೆಗೆ ರೈಲ್ವೆ ಗೇಟು. ಗೇಟು ಹಾಕಿತ್ತು, ಆದರೆ ಗಾಡಿಗಳು ಅದರ ಕೆಳಗೆ ನುಸುಳುವಷ್ಟು ಗಿಡ್ಡ. ಬೇರಿಂಗು ಕಿರುಚುತ್ತ ರೈಲು ಹೊರಟೇಬಿಟ್ಟಿತು. ನಾವೆಲ್ಲ ಬೆನ್ನುಹತ್ತಿ ಓಡಿದೆವು. ಹಿಂದಿನಿಂದ ಅಜ್ಜಿ, "ಯಾರಾರ ಕೆಂಪ ಬಾವುಟಾ ತೋರಸ್ರೋ," ಎಂದಳು.

ಅಕ್ಕ ಮಾತ್ರ ನಮ್ಮ ಜೊತೆ ಓಡಲಿಲ್ಲ. ಚಾಳಿನ ಓಣಿಗೆ ನುಗ್ಗಿ, ಇನ್ನೊಂದು ಬದಿಯಿಂದ ರೈಲಿನ ಮುಂದೆಯೇ ಬಂದಳು. ಭಾನುವಾರ ನಮ್ಮ ಕಡೆಯವರು ಹಳೆ ಸೀರೆಗಳನ್ನು ಹೊಲಿದ ಕೌದಿ ಒಗೆಯುವ ದಿನ. ನೀರು ಕುಡಿದು ಹೆಣಭಾರವಾದ ಕೌದಿಯೊಂದನ್ನು ತಂತಿಯಿಂದ ಎಳೆದು ತಂದು, ರಸ್ತೆಗೆ ಅಡ್ಡ ಹಾಸಿ ಪಕ್ಕಕ್ಕೆ ಜಿಗಿದಳು. ಮೊದಲ ಗಾಡಿಯ ಚಕ್ರಗಳು ಬಟ್ಟೆ ಸುತ್ತಿಕೊಂಡವು. ಹಿಂದಿನವು ಅದಕ್ಕೆ ಗುದ್ದಿ ನಿಂತವು. ಗೇಟಿಗೆ ಹತ್ತು ಹೆಜ್ಜೆ ಉಳಿದಿತ್ತು. ಚೆಲ್ಲಿದ್ದು ಒಂದೇ ಡಬ್ಬಿ, ಅವಳ ಮನೆಯದೇ. ಅಷ್ಟರಲ್ಲಿ ಲೋಕಲ್ ರೈಲು ಧಡಧಡ ಹಾದುಹೋಯಿತು. ನಾನು ಬಾಯಿ ತೆರೆದು ನಿಂತಿದ್ದೆ... ದೊಡ್ಡವರು ನಿಂತು ಯೋಚಿಸಲಾರದ್ದನ್ನು ಅವಳು ಓಡುತ್ತ ಯೋಚಿಸಿದ್ದಳು. ಇವತ್ತಿಗೂ ಟೆಂಪೋ ಕೊಳ್ಳುವವರಿಗೆ ಹೇಳುತ್ತೇನೆ: ಓಟ ಆಮೇಲೆ ನೋಡಿ, ಮೊದಲು ಮಾಲು ತುಂಬಿಸಿ ಬ್ರೇಕ್ ನೋಡಿ.

ಅವಳಪ್ಪ ಕೌದಿ ಹಿಂಡಿ ಮತ್ತೆ ತಂತಿಗೆ ಹಾಕಿದರು. ಅಕ್ಕ ತಲೆ ತಗ್ಗಿಸಿದ್ದಳು. ಆಮೇಲೆ, "ಗಾಡಿ ಬಿಚ್ಚು. ಇನ್ನ ಎಣ್ಣಿ ಪಾಳಿಗೆ ನಾ ನಿಂದ್ರತೀನಿ, ನೀ ಸಾಲಿಗೆ ನಡಿ. ಇಂಥಾ ತಲಿ ಮನ್ಯಾಗ ಇಟ್ಕೊಂಡ ಏನ ಮಾಡ್ಲಿ," ಎಂದರು.

ನಾವು ಚಾಳು ಬಿಟ್ಟೆವು, ಅವರೂ ಬಿಟ್ಟರು... ಆ ವಾಸನೆ ತಂದ ನೆನಪಿಗೆ ಅಕ್ಕನ ವಿಳಾಸ ಹುಡುಕಿ ಟಿಟ್ವಾಳಾಕ್ಕೆ ಹೋದೆ. ಗೋಡೆಯ ಮೇಲೆ ಅಕ್ಕನ ಫೋಟೋ, ಅದಕ್ಕೆ ಹಾರ. ತೀರಿಕೊಂಡು ಎರಡು ವರ್ಷವಂತೆ, ಪಾಲಿಟೆಕ್ನಿಕ್ಕಿನಲ್ಲಿ ಕಲಿಸುತ್ತಿದ್ದಳಂತೆ. ಅವಳ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಕಥೆ ಶುರುಮಾಡಿದರೆ, ಅಮ್ಮ ಇದನ್ನು ಒಮ್ಮೆಯೂ ಹೇಳಿಲ್ಲ ಎಂದಳು. ಇಳಿಜಾರಿನವರೆಗೆ ಬಂದು ನಾನು ಫೋಟೋದ ಕಡೆ ತಿರುಗಿದೆ.

"ಫಿರ್, ಅಂಕಲ್?" ಎಂದು, ಮುಂದೇನಾಯಿತೆಂದು ಕೇಳುತ್ತ ಹತ್ತಿರ ಸರಿದು ಕೂತಳು.

ಅಕ್ಕ ಇದ್ದಿದ್ದರೆ ಮುಂದಿನದನ್ನು ಅವಳೇ ಸರಿಯಾಗಿ ಹೇಳುತ್ತಿದ್ದಳು... ನಾನು ಹಿಂದೆ ಓಡುತ್ತ ಕಂಡಷ್ಟನ್ನು ಹೇಳಿದೆ.