ಆಯಿಲ್ ದೀಪ ಹತ್ತಿದ ಮೇಲೂ ಓಡಿಸಿದ ದಾರಿ

ಹೊಸದುರ್ಗದಲ್ಲಿ ಅಕ್ಕನ ಮಗಳ ಬಾಣಂತನ ಮುಗಿದಿತ್ತು. ಅವಳನ್ನೂ ಕೂಸನ್ನೂ ಚಿತ್ರದುರ್ಗದ ಗಂಡನ ಮನೆಗೆ ಬಿಟ್ಟುಬರುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಕಾರು ನನ್ನದು, ಆಗಲ್ಲ ಎನ್ನುವ ಧೈರ್ಯ ಮಾತ್ರ ನನ್ನದಲ್ಲ. ಹಿಂದಿನ ದಿನವೇ ಟೈರಿಗೆ ಗಾಳಿ ಹೊಡೆಸಿದ್ದೆ, ರೇಡಿಯೇಟರಿನ ನೀರು ನೋಡಿದ್ದೆ. ಎಂಜಿನ್ ಆಯಿಲಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ್ದೆ. ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿತ್ತು. ಎಲ್ಲ ಸರಿಯಿದ್ದರೆ ನನಗೆ ಭಯ ಹೆಚ್ಚು. ಕಣ್ಣಿಗೆ ಬೀಳದ್ದು ಏನೋ ಇದೆ ಅನ್ನಿಸುತ್ತದೆ.

ಹೊರಡುವಾಗ, ನಮ್ಮ ಜೊತೆಗೇ ಬರುತ್ತಿದ್ದ ಅಕ್ಕ ಷರತ್ತು ಹಾಕಿದಳು. ನಮ್ಮ ಮನೆತನದಲ್ಲಿ ಎಳೆಕೂಸನ್ನು ಅಪ್ಪನ ಮನೆಗೆ ಮೊದಲ ಸಲ ಒಯ್ಯುವ ಗಾಡಿ ಊರು ದಾಟಿದ ಮೇಲೆ ನಡುದಾರಿಯಲ್ಲಿ ನಿಲ್ಲಬಾರದು. “ಹೊರಗೆ ಹೋಗೋದಿದ್ರೆ ಈಗ್ಲೇ ಹೋಗ್ಬಾ,” ಎಂದು ನರೆತ ತಲೆಯ ತಮ್ಮನಿಗೆ ಬೀದಿಯವರೆದುರೇ ಹೇಳಿದಳು.

ಹೊಳಲ್ಕೆರೆ ಇನ್ನೂ ದೂರವಿರುವಾಗಲೇ ಸ್ಟೇರಿಂಗಿನ ಹಿಂದೆ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಹತ್ತಿತು.

ಎಣ್ಣೆಯ ಒತ್ತಡ ಬಿದ್ದಿದೆ ಎಂದು ಅದರ ಅರ್ಥ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಿದೆ. ಅದರೊಳಗೆ ಬಾಯಿ ಅದ್ದಿಕೊಂಡ ಕೊಳವೆ, ಬಾಯಿಗೊಂದು ಜಾಲರಿ. ಕೊಳವೆಯ ಆ ತುದಿಯಲ್ಲಿ ಆಯಿಲ್ ಪಂಪು: ಒಂದರೊಳಗೊಂದು ಕೂತ ಎರಡು ಹಲ್ಲುಚಕ್ರ. ಎಂಜಿನ್ ತಿರುಗಿದಂತೆ ಅವೂ ತಿರುಗುತ್ತವೆ. ಹಲ್ಲುಗಳ ಸಂದು ಅಗಲವಾಗುವಲ್ಲಿ ಎಣ್ಣೆಯನ್ನು ಹೀರಿ, ಸಂದು ಕಿರಿದಾಗುವಲ್ಲಿ ಹಿಂಡಿ, ಫಿಲ್ಟರಿಗೂ ಅಲ್ಲಿಂದ ಬೇರಿಂಗುಗಳಿಗೂ ತಳ್ಳುತ್ತವೆ. ಒತ್ತಡ ಮಿತಿಮೀರಿದರೆ ಸ್ಪ್ರಿಂಗಿನ ಕವಾಟವೊಂದು ತೆರೆದುಕೊಂಡು ಹೆಚ್ಚಿನದನ್ನು ವಾಪಸ್ ಬಿಡುತ್ತದೆ. ಈ ಪಂಪು ಎಣ್ಣೆ ಕೊಡದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಕಚ್ಚಿಕೊಂಡುಬಿಡುತ್ತದೆ. ತಟ್ಟೆ ತುಂಬ ಎಣ್ಣೆಯಿದ್ದರೂ ಅಷ್ಟೇ. ದೀಪ ಹತ್ತಿದ ಕೂಡಲೇ ಎಂಜಿನ್ ಆರಿಸಬೇಕು. ಮೊಬೈಲಿನಲ್ಲಿ ಇವನ್ನೇ ನೋಡಿ ನೋಡಿ ನಿದ್ದೆ ಕೆಡಿಸಿಕೊಂಡವನು ನಾನು.

“ಅಕ್ಕಾ, ನಿಲ್ಲಿಸ್ಬೇಕು. ದೀಪ ಹತ್ತೈತೆ.”

“ಹಗಲೊತ್ನಾಗೆ ದೀಪ ಹತ್ತಿದ್ರೆ ಆರ್ಸು. ಗಾಡಿ ಯಾಕೆ ನಿಲ್ಲಿಸ್ತೀಯ?”

“ಎಂಜಿನ್ ಸೀಜ್ ಆಗ್ತೈತಕ್ಕ.”

“ಹೋದ್ಸಲ ಟೈರು ಸಿಡೀತೈತೆ ಅಂದಿದ್ದೆ. ಸಿಡೀತಾ?”

ಸಿಡಿದಿರಲಿಲ್ಲ. ಜೀವಮಾನವೆಲ್ಲ ಸುಳ್ಳು ಭಯ ಪಟ್ಟವನ ನಿಜವಾದ ಭಯಕ್ಕೆ ಬೆಲೆಯಿಲ್ಲ. ಓಡಿಸಿದೆ. ಒಂದು ತಿರುವು ಕಳೆಯಿತು, ಒಂದು ಏರು ಕಳೆಯಿತು. ಆಮೇಲೆ ಬಾನೆಟ್ಟಿನ ಕೆಳಗೆ ಟಕಟಕ ಶುರುವಾಯಿತು. ಆ ಸಪ್ಪಳಕ್ಕೆ ಅಕ್ಕನ ಭಯವನ್ನೂ ಮೀರಿದ ಭಯ ಹುಟ್ಟಿ ಬದಿಗೆಳೆದು ಆರಿಸಿದೆ.

ಅಕ್ಕ ಬೈಯಲಿಲ್ಲ. ಕೂಸನ್ನು ಮಗಳ ಮಡಿಲಿಂದ ಎತ್ತಿಕೊಂಡು, ಸೆರಗು ಮುಚ್ಚಿ, ಇಳಿದು ಹೊಳಲ್ಕೆರೆ ದಿಕ್ಕಿಗೆ ನಡೆಯತೊಡಗಿದಳು. “ನಿಂತಿದ್ದು ನಿನ್ ಗಾಡಿ. ನಮ್ ಕೂಸು ನಿಂತಿಲ್ಲ.” ಮಗಳು ಚೀಲ ಹೊತ್ತು ಹಿಂದೆ ಓಡಿದಳು. ಸ್ವಲ್ಪದರಲ್ಲೇ ಬಸ್ಸೊಂದು ಬಂತು. ಅಕ್ಕ ನಡೆಯುತ್ತಲೇ ಕೈ ಬೀಸಿದಳು.

“ಅಜ್ಜೀ, ನಿಂತ್ಕಳ್ರಿ!” ಕಂಡಕ್ಟರ್ ಕೂಗಿದ.

“ನಾ ನಿಲ್ಲಂಗಿಲ್ಲಪ್ಪ, ನೀನೇ ಬಾ!”

ಬಾಗಿಲ ಬಳಿಯೂ ಅವಳ ಕಾಲು ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. “ಅಮ್ಮ, ಬಸ್ಸೂ ನಿಲ್ತೈತಲ್ಲ?” ಎಂದಳು ಮಗಳು. “ಬಾಯ್ಮುಚ್ಚೇ. ನಿಲ್ಲೋದು ಬಸ್ಸಿನ ಧರ್ಮ.” ಬಸ್ಸು ಹೋಯಿತು.

ಉಳಿದಿದ್ದು ನಾನು, ಬಿಸಿಲು, ಬದುಕಿದೆಯೋ ಸತ್ತಿದೆಯೋ ತಿಳಿಯದ ಎಂಜಿನ್. ಕಡ್ಡಿ ಎಳೆದು ನೋಡಿದೆ, ಎಣ್ಣೆ ಬೇಕಾದಷ್ಟಿತ್ತು. ಅಂದರೆ ಪಂಪೇ ಹೋಗಿರಬೇಕು. ಮತ್ತೆ ಕೀ ತಿರುಗಿಸಿ ನೋಡುವ ಆಸೆ ತಡೆಯಲು ಕೈ ಕಟ್ಟಿಕೊಂಡು ಕೂತೆ. ಫೋನ್ ಮಾಡಿದ್ದಕ್ಕೆ ಹೊಳಲ್ಕೆರೆಯ ನನ್ನ ಮಾಮೂಲಿ ಮೆಕ್ಯಾನಿಕ್ ಗೂಡ್ಸ್ ಗಾಡಿ ತಂದು, ಹಗ್ಗ ಕಟ್ಟಿ ಶೆಡ್ಡಿಗೆ ಎಳೆದೊಯ್ದ.

ಎಣ್ಣೆ ಬಸಿದು ತಳದ ತಟ್ಟೆ ಇಳಿಸಿದಾಗ ಇಬ್ಬರೂ ಬಗ್ಗಿ ನೋಡಿದೆವು. ಜಾಲರಿಯ ಬಾಯಿಗೆ ಬೂದು ಬಣ್ಣದ ರಬ್ಬರಿನಂಥ ಎಳೆಗಳು ಮೆತ್ತಿದ್ದವು. ಹಿಂದೊಮ್ಮೆ ಆ ತಟ್ಟೆಯ ಅಂಚಿನಲ್ಲಿ ಎಣ್ಣೆ ಜಿನುಗುತ್ತಿತ್ತೆಂದು ಇದೇ ಶೆಡ್ಡಿನಲ್ಲಿ ಇವನೇ ಸಂದು ಮುಚ್ಚುವ ಪೇಸ್ಟು ಹಚ್ಚಿ ಕೂರಿಸಿದ್ದ. ಹೊರಕ್ಕೆ ಉಕ್ಕಿದ ಪೇಸ್ಟನ್ನು ಒರೆಸಿದ್ದ. ಒಳಕ್ಕೆ ಉಕ್ಕಿದ್ದು ಒಣಗಿ, ಕಿತ್ತುಬಂದು, ಎಣ್ಣೆಯಲ್ಲಿ ತೇಲಿ ಪಂಪಿನ ಬಾಯಿ ಕಟ್ಟಿತ್ತು.

“ಇಷ್ಟ್ಯಾಕೆ ಹಚ್ಚಿದೆ ಮಾರಾಯ?”

“ಪಕ್ಕದಾಗೆ ನಿಂತ್ಕಂಡು ‘ಇನ್ನೊಂಚೂರು ಹಚ್ಚು, ಸೋರಬಾರ್ದು’ ಅಂದೋರು ಯಾರ್ರಿ? ನಾನೂ ನಿಮ್ ಕಾಟ ತಪ್ಪಲಿ ಅಂತ ಬಳದೆ.”

ಪಂಪು ಬಿಚ್ಚಿ ಚಕ್ರಗಳ ಸಂದು ನೋಡಿದ, ಸವೆದಿರಲಿಲ್ಲ. ನನ್ನ ಜೀವವಿದ್ದದ್ದು ಬೇರಿಂಗಿನಲ್ಲಿ. ದೀಪ ಹತ್ತಿದ ಮೇಲೆ ಓಡಿಸಿದ ಆ ತಿರುವು, ಆ ಏರು ತಮ್ಮ ಗುರುತು ಬರೆದಿದ್ದರೆ ಅಲ್ಲೇ ಬರೆದಿರಬೇಕು. ಅವನು ಒಂದರ ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದು ಉಗುರಾಡಿಸಿದ. ನಾನು ಬೇರಿಂಗು ನೋಡಲಿಲ್ಲ, ಅವನ ಮುಖ ನೋಡಿದೆ.

“ಗೀರು ಬಿದ್ದೈತೆ. ಆದ್ರೆ ಉಳಕಂಡೈತೆ. ಇನ್ನೊಂದೀಟು ಓಡ್ಸಿದ್ರೆ ಮುಗೀತಿತ್ತು.”

ಮತ್ತೆ ಪೇಸ್ಟಿನ ಟ್ಯೂಬು ಕೈಗೆತ್ತಿಕೊಂಡು, “ನೀವು ಚಾ ಕುಡ್ದು ಬರ್ರಿ,” ಎಂದ. ಹೋದೆ. ಚಾ ತಣ್ಣಗಾದರೂ ವಾಪಸ್ ಹೋಗಲಿಲ್ಲ.

ಜಾಲರಿ ತೊಳೆದು, ಹೊಸ ಫಿಲ್ಟರು ಹಾಕಿ, ಹೊಸ ಎಣ್ಣೆ ತುಂಬಿ ಸ್ಟಾರ್ಟ್ ಮಾಡಿದಾಗ ದೀಪ ಆರಿತು. ಟಕಟಕವೂ ಇಲ್ಲ. ಸಂಜೆ ಚಿತ್ರದುರ್ಗದ ಕಡೆ ಹೊರಟೆ. ಕಣ್ಣು ರಸ್ತೆಗಿಂತ ದೀಪದ ಜಾಗದ ಮೇಲೇ ಹೆಚ್ಚು. ಹತ್ತಲಿಲ್ಲ. ಬಹಳ ಹೊತ್ತಾದರೂ ಹತ್ತಲಿಲ್ಲ. ಬಲ್ಬೇ ಸುಟ್ಟುಹೋಗಿದ್ದರೆ?

ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಯನ್ನು ಅರ್ಧ ತಿರುಗಿಸಿದೆ. ದೀಪ ಕೆಂಪಗೆ ಹತ್ತಿತು, ಬಲ್ಬು ಸರಿಯಿತ್ತು. ಅದನ್ನು ಕಂಡು ಅಷ್ಟು ಸಮಾಧಾನವಾದದ್ದು ಅದೇ ಮೊದಲು. ಅಷ್ಟರಲ್ಲಿ ಅಕ್ಕನ ಫೋನು.

“ಎಲ್ಲಿದ್ದೀಯೋ? ಬೀಗರು ಎಲೆ ಹಾಕ್ತೀವಿ ಅಂತಾವ್ರೆ.”

“ಬರ್ತಾ ಇದ್ದೀನಕ್ಕ.”

“ಸಪ್ಪಳಾನೇ ಇಲ್ಲ. ನಿಲ್ಲಿಸ್ಕಂಡಿದ್ದೀಯೇನೋ?”

ಉತ್ತರ ಕೊಡುವ ಮೊದಲು ಸ್ಟಾರ್ಟ್ ಮಾಡಿದೆ.